ಬಸಿಗಾಲುವೆಗೆ ಯಾರೂ ಬಾಗಿನ ಬಿಡಲ್ಲ

ಕೆಆರ್‌ಎಸ್ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡ್ತಾರೆ. 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ ಟೀವಿಯವರು ದಿನಾ ಲೆಕ್ಕ ಹೇಳ್ತಾರೆ. ಆ ನೀರು ಗದ್ದೆಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಯಾರೂ ಕೇಳಲ್ಲ.

ನನಗೂ ಹೊಳೆದಿರಲಿಲ್ಲ. ಆನ್‌ಸೈಟ್ ಅಂತ ಹಾಲೆಂಡಿಗೆ ಹೋದ ಗೆಳೆಯ ಕಿಂಡರ್‌ಡೈಕ್ ಅನ್ನೋ ಊರಿನ ಗಾಳಿಯಂತ್ರಗಳ ಫೋಟೋ ಕಳಿಸಿದ್ದ. ಒಟ್ಟು 19 ಇವೆ, ಹೆಚ್ಚಿನವು 1738-40ರ ಸುಮಾರಿನವು, 1997ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹಿಟ್ಟು ಬೀಸೋಕೆ ಇರಬೇಕು ಅಂದ್ಕೊಂಡಿದ್ದೆ. ಅಲ್ಲವಂತೆ, ತಗ್ಗು ನೆಲದಲ್ಲಿ ನಿಂತ ನೀರನ್ನು ಎತ್ತಿ ಹೊರಗೆ ಹಾಕೋಕಂತೆ! ಈಗ ಆ ಕೆಲಸ ಪಂಪುಗಳದ್ದು. ಆದರೂ ಹಳೇ ಯಂತ್ರಗಳನ್ನ ಕೆಡವಿಲ್ಲ.

ನಮಗೆ ಗಾಳಿಯಂತ್ರವೂ ಬೇಡ, ಕರೆಂಟೂ ಬೇಡ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನೆಲಕ್ಕೆ ಇಳಿಜಾರು ಇದೆ. ಬಸಿಗಾಲುವೆ ತೆರೆದಿದ್ದರೆ ಸಾಕು, ನೀರು ತಾನೇ ಹಳ್ಳ ಸೇರಿ ಲೋಕಪಾವನಿಗೋ ಕಾವೇರಿಗೋ ಹೋಗತ್ತೆ. ಅಷ್ಟನ್ನೂ ಉಳಿಸಿಕೊಳ್ಳಲಿಲ್ಲ ನಾವು.

ನಮ್ಮೂರು ಪಾಂಡವಪುರದ ಹತ್ತಿರ (ತಾತ ಕೊನೇವರೆಗೂ ಫ್ರೆಂಚ್ ರಾಕ್ಸ್ ಅಂತಲೇ ಅಂತಿದ್ದರು). ಅವರ ಕಾಲಕ್ಕೆ ಮನೆಗೆಲ್ಲ ಅನ್ನ ಕೊಟ್ಟ ಗದ್ದೆಯಲ್ಲಿ ಈಗ ಅರ್ಧ ಎಕರೆ ಜೊಂಡು. ಬೇಸಿಗೆಯಲ್ಲಿ ಬದುವಿನ ಪಕ್ಕ ಬೆಳ್ಳಗೆ ಉಪ್ಪು ಏಳತ್ತೆ. ಚೌಳು. ಚಿಕ್ಕಪ್ಪನನ್ನ ಕೇಳಿದೆ. "ನೀರು ಬುಡ್ತಾರೆ ಕಣಪ್ಪ, ಹೋಗಕ್ಕೆ ದಾರಿ ಎಲ್ಲೈತೆ?" ಅಂದರು.

ದಾರಿ ಗ್ರಾಮ ನಕಾಶೆಯಲ್ಲಿದೆ, ನೆಲದ ಮೇಲಿಲ್ಲ. ನಮ್ಮಿಂದ ಕೆಳಗಿನವರು ಅದನ್ನ ಮುಚ್ಚಿ ಕಬ್ಬು ಹಾಕಿದಾರೆ. ನಮ್ಮ ಅಂಚಿನಲ್ಲಿ ಅದರೊಳಗೇ ಆರು ತೆಂಗಿನ ಸಸಿ ನೆಟ್ಟಿರೋದು ಇದೇ ಚಿಕ್ಕಪ್ಪ! (ಇದನ್ನ ಅವರಿಗೆ ಯಾರೂ ಓದಿ ಹೇಳಬೇಡಿ ಪ್ಲೀಸ್ :)

ಇದು ಹೊಸ ರೋಗವೇನಲ್ಲ. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಮಂಡ್ಯದ ಕಡೆ ಬಂದಾಗ ಹಿಂದೆಯೇ ಮಲೇರಿಯಾ ಬಂತು. ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ನಿನ ತಜ್ಞರ ಜೊತೆ ಸೇರಿ ಸೊಳ್ಳೆ ಹಿಂದೆ ಬೀಳಬೇಕಾಯ್ತು. ಸರ್ ಎಂವಿ ಅವರಿಗೆ ನಿಂತ ನೀರಿನ ಕಥೆ ಗೊತ್ತಿತ್ತು. ಪುಣೆ ಕಡೆಯ ನೀರಾ ನಾಲೆಗೆ ತಾವು ರೂಪಿಸಿದ್ದ ಬ್ಲಾಕ್ ಪದ್ಧತಿಯನ್ನ ಇಲ್ಲಿಗೂ ತಂದರು. ಬ್ಲಾಕಿನಲ್ಲಿ ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ರಾಗಿಯಂಥ ಕಡಿಮೆ ನೀರಿನ ಬೆಳೆ, ವರ್ಷಾ ವರ್ಷಾ ಅದಲು ಬದಲು. ನೀರು ಹೆಚ್ಚು ಜನಕ್ಕೆ ಸಿಗತ್ತೆ, ನೆಲಕ್ಕೂ ಆರೋಕೆ ಟೈಮ್ ಸಿಗತ್ತೆ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಕೊನೆಗೆ ಉಳಿದಿದ್ದು ಕಬ್ಬು, ಭತ್ತ, ಮತ್ತೆ ಕಬ್ಬು. ಊರೂರಲ್ಲಿ ಎಂವಿ ಫೋಟೋ ಇದೆ, ಅವರ ಪದ್ಧತಿ ಯಾರಿಗೂ ಬೇಡ.

ನಮ್ಮ ಫೀಲ್ಡಲ್ಲಿ ಮೆಮೊರಿ ತಗೊಂಡು ವಾಪಸ್ ಬಿಡದ ಪ್ರೋಗ್ರಾಂ ಬರೆದರೆ ಕೋಡ್ ರಿವ್ಯೂನಲ್ಲೇ ಉಗೀತಾರೆ. ಇಲ್ಲಿ ಅಂಥದ್ದಕ್ಕೆ ಟೇಪ್ ಕಟ್ ಮಾಡ್ತಾರೆ.

"ನೀರೇ ಇಲ್ಲದಾಗ ಬಸಿಗಾಲುವೆ ಯಾಕ್ರೀ" ಅಂತ ಕೇಳೋರಿದಾರೆ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ನಿಜ. ನೆಲ ಒಣಗಿದ್ದ ಆಗಲೇ ಅಲ್ಲವೇ ಹೂಳು ತೆಗೀಬೇಕಿದ್ದು? ಇನ್ನು ನಾಲೆಗೆ ಕಾಂಕ್ರೀಟ್ ಹಾಕಿದರೆ ಎಲ್ಲ ಸರಿಹೋಗತ್ತೆ ಅನ್ನೋ ವಾದ. ಕಾಂಕ್ರೀಟು ನಾಲೆಯೊಳಗಿನ ಸೋರಿಕೆ ತಡೀತದೆ. ಗದ್ದೆಗೆ ನಾವೇ ತುಂಬಿ ಬಿಡೋ ನೀರಿಗೆ ಅದೇನು ಮಾಡೀತು?

ಕೆ.ಆರ್.ಪೇಟೆಗೆ ಹೇಮಾವತಿ ನಾಲೆ ಬಂದಿದೆ. ನಾಗಮಂಗಲದವರು ಕೆರೆ ತುಂಬಿಸಿ ಅಂತ ಕೇಳ್ತಾರೆ. ಕೇಳಲಿ, ನ್ಯಾಯವೇ. ಆದರೆ ನಾಲೆ ಕೇಳೋ ಅರ್ಜಿಯಲ್ಲೇ ಬಸಿಗಾಲುವೆಯನ್ನೂ ಬರೆದು ಕೊಡಿ ಸ್ವಾಮಿ. ನಮ್ಮ ಜೊಂಡು ನೋಡಬೇಕು ಅಂದರೆ ಬನ್ನಿ, ಬಸ್ಸಿಗೆ ಹೆಚ್ಚು ಹೊತ್ತಾಗಲ್ಲ.

ಯುಗಾದಿಗೆ ಊರಿಗೆ ಹೋಗ್ತಿದೀನಿ. ನಕಾಶೆ ಪ್ರಿಂಟ್ ತೆಗೆದಿಟ್ಟಿದೀನಿ. ಮೊದಲು ಆ ಆರು ಸಸಿಗಳ ಮಾತು ಎತ್ತಬೇಕು.