ಒಂದು ಗಂಟೆ, ಒಂದೇ ಚಿತ್ರ

ಜರ್ಮನಿಯ ಹ್ಯಾಂಬರ್ಗ್ ನಗರದ ಕಲಾಸಂಗ್ರಹಾಲಯದಲ್ಲಿ, ಶಾಲೆಯ ಹುಡುಗಿಯರನ್ನು ಒಂದೇ ಚಿತ್ರದ ಮುಂದೆ ಸೇರಿಸಿ ಸ್ವತಃ ನಿರ್ದೇಶಕರೇ ಪಾಠ ಹೇಳುತ್ತಿದ್ದರು. ಪಾಠವೆಂದರೆ ಬರೀ ಪ್ರಶ್ನೆ. ಚಿತ್ರದಲ್ಲಿ ಯಾರಿದ್ದಾರೆ? ಏನು ನಡೆಯುತ್ತಿದೆ? ಬೆಳಕು ಎತ್ತಲಿಂದ ಬೀಳುತ್ತಿದೆ? ಕಲಾವಿದನ ಚರಿತ್ರೆ, ಶೈಲಿಯ ಹೆಸರು ಎಲ್ಲ ಆಮೇಲಿನ ಮಾತು. ಮೊದಲು ಕಣ್ಣು ಪಳಗಬೇಕು. ಈ ಪ್ರಯೋಗವನ್ನು ಅವರು 1897ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು.

ಅವರ ಹೆಸರು ಆಲ್ಫ್ರೆಡ್ ಲಿಖ್ಟ್‌ವಾರ್ಕ್. 1852ರಲ್ಲಿ ಹುಟ್ಟಿದ, ಹಿಟ್ಟಿನ ಗಿರಣಿಯವನ ಮಗ. ಮೊದಲು ಶಾಲಾ ಮೇಷ್ಟ್ರು, ಆಮೇಲೆ ಕಲಾ ಇತಿಹಾಸಕಾರ. 1886ರಲ್ಲಿ ಹ್ಯಾಂಬರ್ಗಿನ ಆ ಕಲಾಸಂಗ್ರಹಾಲಯಕ್ಕೆ, ಅಂದರೆ ಕುನ್ಸ್ಟ್‌ಹಾಲೆಗೆ, ನಿರ್ದೇಶಕರಾದರು. ಒಳಗಿನ ಮೇಷ್ಟ್ರು ಮಾತ್ರ ಕೊನೆಯತನಕ ನಿವೃತ್ತರಾಗಲಿಲ್ಲ ಅನ್ನಿ.

ಬರ್ಲಿನ್, ಡ್ರೆಸ್ಡೆನ್‌ಗಳಲ್ಲಿ ಅರಸರು ತಲೆಮಾರುಗಳಿಂದ ಕೂಡಿಟ್ಟ ಚಿತ್ರಗಳಿದ್ದವು. ಹ್ಯಾಂಬರ್ಗ್ ವರ್ತಕರ ಊರು. ಅಲ್ಲಿ ಅರಸನೂ ಇಲ್ಲ, ಅರಮನೆಯ ಸಂಗ್ರಹವೂ ಇಲ್ಲ. ಈ ಕೊರತೆಯನ್ನೇ ಲಿಖ್ಟ್‌ವಾರ್ಕ್ ದಾರಿ ಮಾಡಿಕೊಂಡರು. ಊರು ಮರೆತಿದ್ದ ತನ್ನ ಕಲಾವಿದರನ್ನು ಹುಡುಕಿ ತಂದರು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿನ ಚರ್ಚಿಗೆಂದು ಮಾಸ್ಟರ್ ಬರ್ಟ್ರಾಮ್ ರಚಿಸಿದ್ದ ಪೂಜಾಪೀಠದ ಚಿತ್ರಗಳು ಗ್ರಾಬೋ ಎಂಬ ಪುಟ್ಟ ಊರಿಗೆ ಹೋಗಿಬಿಟ್ಟಿದ್ದವು. 1903ರಲ್ಲಿ ಅವನ್ನು ಕೊಂಡು ಮರಳಿ ತಂದರು. ಚಿತ್ರಕಾರ ಫಿಲಿಪ್ ಒಟ್ಟೊ ರುಂಗೆಯ ಹೆಸರಿಗೆ ಮತ್ತೆ ಬೆಲೆ ಬಂದದ್ದರಲ್ಲೂ ಅವರ ಪಾಲು ದೊಡ್ಡದು.

ಹಳೆಯದನ್ನು ಕೂಡಿಹಾಕಿ ತೃಪ್ತಿಪಡುವ ಜಾಯಮಾನ ಅವರದಲ್ಲ. ಊರಿನ ಬಂದರು, ಬೀದಿ, ಹಿರಿಯರನ್ನು ಚಿತ್ರಿಸಲು ಸಮಕಾಲೀನ ಕಲಾವಿದರನ್ನು ಕರೆಸಿದರು. ಮ್ಯಾಕ್ಸ್ ಲೀಬರ್‌ಮನ್ 1891ರಲ್ಲಿ ಮೇಯರ್ ಪೀಟರ್ಸನ್ನರ ಭಾವಚಿತ್ರ ಬರೆದಾಗ ಅದು ಮೇಯರಿಗೇ ಹಿಡಿಸಲಿಲ್ಲ! ವರ್ಷಗಟ್ಟಲೆ ಅದನ್ನು ಜನರ ಕಣ್ಣಿಗೆ ಬೀಳದಂತೆ ಇಡಬೇಕಾಯಿತು. ಲಿಖ್ಟ್‌ವಾರ್ಕ್ ಹಿಂದೆಗೆಯಲಿಲ್ಲ. 1913ರಲ್ಲಿ ಬೊನಾರ್, ವುಯಿಯಾರ್ ಎಂಬ ಫ್ರೆಂಚ್ ಕಲಾವಿದರೂ ಹ್ಯಾಂಬರ್ಗಿಗೆ ಬಂದು ಚಿತ್ರ ಬರೆದರು. ಊರಭಿಮಾನ ಕೂಪಮಂಡೂಕತನವಾಗದಂತೆ ಲಿಖ್ಟ್‌ವಾರ್ಕರನ್ನು ಕಾಪಾಡಿದ್ದು ಈ ಧೈರ್ಯವೇ ಎಂದು ನನಗನ್ನಿಸುತ್ತದೆ.

1914ರ ಜನವರಿಯಲ್ಲಿ ಅವರು ತೀರಿಕೊಂಡರು. ಮುಂದೆ ಹ್ಯಾಂಬರ್ಗಿನ ಒಂದು ಪ್ರಯೋಗಶೀಲ ಶಾಲೆಗೆ ಅವರ ಹೆಸರಿಟ್ಟರು. ನಾಜಿಗಳು 1937ರಲ್ಲಿ ಅದನ್ನು ಮುಚ್ಚಿಸಿದರು. ಅಷ್ಟರಲ್ಲಿ ಅಲ್ಲಿ ಓದು ಮುಗಿಸಿದ್ದ ಹುಡುಗರಲ್ಲಿ ಹೆಲ್ಮುಟ್ ಶ್ಮಿಟ್ ಒಬ್ಬ. 1974ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದವರು ಅವರೇ.