ಹೆಸರು ಅದೇ, ಗಡಿ ದಾಟಿದರೆ ಅರ್ಥ ಬೇರೆ



ಮುಂಬರುವ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸಲು ಕೇಂದ್ರ ಸಚಿವ ಸಂಪುಟ 2025ರ ಏಪ್ರಿಲ್ 30ರಂದು ನಿರ್ಧರಿಸಿದೆ. ಹೆಚ್ಚಿನ ಕಡೆ ಈ ಎಣಿಕೆ 2027ರ ಫೆಬ್ರುವರಿಯಲ್ಲಿ ನಡೆಯಲಿದೆ. ಜಾತಿಯ ಹೆಸರಿಗೆ ಕಾಗವಾಡದಲ್ಲಿ ಒಂದು ಅರ್ಥ, ಮಿರಜದಲ್ಲಿ ಇನ್ನೊಂದು ಅರ್ಥ ಇರುವುದರಿಂದ ಗಡಿಭಾಗದ ನಾವು ಈ ವಿಷಯ ತಿಳಿದಿರುವುದು ಒಳ್ಳೆಯದು.

ಬೇಡರನ್ನೇ ನೋಡಿ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರಿನವರು 1991ರಿಂದ ಪರಿಶಿಷ್ಟ ಪಂಗಡದವರು. 2020ರಲ್ಲಿ ತಳವಾರ, ಪರಿವಾರ ಹೆಸರುಗಳೂ ಆ ಪಟ್ಟಿಗೆ ಸೇರಿದವು. ಅದೇ ಜನ ಮಹಾರಾಷ್ಟ್ರದಲ್ಲಿ 'ಬೇರಡ' ಆಗಿ ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಇಲ್ಲಿ ವಿಮುಕ್ತ ಜಾತಿ. ಕುರುಬರು ಕರ್ನಾಟಕದಲ್ಲಿ 2ಎ, ಕೊಡಗಿನಲ್ಲಿ ಮಾತ್ರ ಪರಿಶಿಷ್ಟ ಪಂಗಡ. ಇಲ್ಲಿಯ ಧನಗರರಿಗೆ ಅಲೆಮಾರಿ ವರ್ಗದಲ್ಲಿ ಶೇ. 3.5 ಮೀಸಲಾತಿ ಇದೆ.

ಇದು ಹೀಗೇಕೆ? ಬ್ರಿಟಿಷರ 1871ರ ಕಾಯ್ದೆ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. 1952ರಲ್ಲಿ ಅದು ರದ್ದಾದಾಗ ಬಿಡುಗಡೆಯಾದವರೇ 'ವಿಮುಕ್ತರು'. ಅವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ರಾಜ್ಯಕ್ಕೊಂದು ರೀತಿ ಆಯಿತು. ಸಂವಿಧಾನದ 341, 342ನೇ ವಿಧಿಗಳ ಪ್ರಕಾರವೂ ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಾಪುರ, ಸಾಂಗಲಿ ಎಲ್ಲವೂ ಮುಂಬಯಿ ರಾಜ್ಯದಲ್ಲೇ ಇದ್ದವು. ಆ ದಿನ ಗಡಿ ಬದಲಾಯಿತು, ಬೀಗರು ಬಿಜ್ಜರು ಇಬ್ಭಾಗವಾದರು.

ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ 'ಗೌಡ' ಸಮುದಾಯದ ವಿದ್ಯಾರ್ಥಿಯೊಬ್ಬ ಚಿಕ್ಕಂದಿನಲ್ಲೇ ಮುಂಬಯಿಗೆ ಬಂದಿದ್ದ. ಮೀಸಲು ವೈದ್ಯಕೀಯ ಸೀಟು ಕೇಳಿದಾಗ 1990ರಲ್ಲಿ ಸುಪ್ರೀಂ ಕೋರ್ಟು, ಒಂದು ರಾಜ್ಯದ ಸವಲತ್ತು ಇನ್ನೊಂದರಲ್ಲಿ ಸಿಗದು ಎಂದಿತು. ನಮ್ಮ ಕಡೆ ಗೌಡನೆಂದರೆ ಊರಿನ ಪಾಟೀಲ!

ಹೊರದೇಶಗಳಲ್ಲೂ ಹೀಗೆಯೇ. 'ಕಲರ್ಡ್' ಎಂಬುದು ದಕ್ಷಿಣ ಆಫ್ರಿಕಾದಲ್ಲಿ ಮಿಶ್ರ ಮೂಲದವರು ತಮ್ಮನ್ನು ಕರೆದುಕೊಳ್ಳುವ ಹೆಸರು. ಅಮೆರಿಕದಲ್ಲಿ ಕರಿಯರನ್ನು ಹಾಗೆ ಕರೆದರೆ ಅವಮಾನ. 'ಏಷಿಯನ್' ಅಂದರೆ ಬ್ರಿಟನ್ನಿನಲ್ಲಿ ಹೆಚ್ಚಾಗಿ ನಮ್ಮಂಥವರು, ಅಮೆರಿಕದಲ್ಲಿ ಮೊದಲು ನೆನಪಾಗುವವರು ಚೀನಾ, ಕೊರಿಯಾ ಮೂಲದವರು.

ಇದರಿಂದ ತೊಂದರೆಯಾಗುವುದು ಮಕ್ಕಳಿಗೆ. ಅಥಣಿ, ರಾಯಬಾಗದಿಂದ ಬಂದು ನೆಲೆಸಿದ ಕುಟುಂಬದ ಜಾತಿ ದಾಖಲೆ ಇಲ್ಲಿಯ ರಾಜ್ಯ ನೌಕರಿಗೆ, ಕಾಲೇಜು ಸೀಟಿಗೆ ನಡೆಯುವುದಿಲ್ಲ. ವಿಮುಕ್ತ ಜಾತಿಯ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರ 1961ರ ನವೆಂಬರ್ 21ಕ್ಕಿಂತ ಹಿಂದಿನ ವಾಸದ ಪುರಾವೆ ಕೇಳುತ್ತದೆ. ಇದು ಹನ್ನೆರಡನೆಯ ತರಗತಿ ಮುಗಿದ ಮೇಲೆ ಗೊತ್ತಾದರೆ ಒಂದು ವರ್ಷವೇ ಹೋದೀತು.

ಆದ್ದರಿಂದ ಅಜ್ಜ, ತಂದೆಯವರ ಶಾಲೆ ಬಿಟ್ಟ ದಾಖಲೆ, ಹೊಲಮನೆಯ ಹಳೆಯ ಉತಾರೆ ಜೋಪಾನವಾಗಿಡಿ. ಗಣತಿದಾರರು ಬಂದಾಗ ಆ ದಾಖಲೆಯಲ್ಲಿರುವ ಜಾತಿಯ ಹೆಸರನ್ನೇ ಹೇಳಿ; ಅಡ್ಡಹೆಸರು ಹೇಳಬೇಡಿ. ಗಣತಿಯಲ್ಲಿ ಬರೆಸಿದ ಮಾತ್ರಕ್ಕೆ ಯಾರ ವರ್ಗವೂ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ.

ಮಾತೃಭಾಷೆಯ ಕಾಲಮ್ಮಿಗೆ ಮಾತ್ರ ಈ ಗೊಂದಲವಿಲ್ಲ. ಅಲ್ಲಿ ಕನ್ನಡ ಎಂದೇ ಬರೆಸಿ. ಗಡಿಯ ಎರಡೂ ಕಡೆ ಅದರ ಅರ್ಥ ಒಂದೇ.

– ಕಾರ್ಯದರ್ಶಿ