ಬೆಳೆ ಹೋದ ಮನೆಯ ಮೌನ

ತುಂಗಭದ್ರೆಯ ಕಾಲುವೆ ನೀರುಣ್ಣುವ ಗಂಗಾವತಿ, ಸಿಂಧನೂರು, ಕಂಪ್ಲಿ, ಸಿರುಗುಪ್ಪಗಳ ಸೀಮೆಯನ್ನು ಭತ್ತದ ಕಣಜವೆಂದು ನಾವು ಅಭಿಮಾನದಿಂದ ಕರೆಯುತ್ತೇವೆ. ನಮ್ಮ ಮಠಗಳ ದಾಸೋಹದಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಬಡಿಸುವ ಸೋನಾ ಮಸೂರಿ ಅನ್ನದಲ್ಲಿ ಆ ನೆಲದ ರೈತನ ಬೆವರಿದೆ. ಆದರೆ ಅವನ ಇಳುವರಿಯನ್ನು ವಿಚಾರಿಸುವಷ್ಟು ಆಸಕ್ತಿಯಿಂದ ಅವನ ಮನಸ್ಸನ್ನು ವಿಚಾರಿಸುವವರು ವಿರಳ.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಜಲಾಶಯ ತುಂಬದೆ ಎರಡನೆಯ ಬೆಳೆಗೆ ನೀರು ದೊರೆಯಲಿಲ್ಲ. ಮರುವರ್ಷ ಜಲಾಶಯ ತುಂಬಿತೆಂದು ಹರ್ಷಿಸುತ್ತಿರುವಾಗಲೇ, 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ತಂತ್ರಜ್ಞರೂ ಕಾರ್ಮಿಕರೂ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಕೂರಿಸಿದರು. ಮುಂದೆ ಮಳೆಯೂ ಕೈಹಿಡಿಯಿತು. ಆದರೆ ನದಿಗೆ ಹರಿದುಹೋಗುತ್ತಿದ್ದ ನೀರನ್ನು ಕಂಡು ರೈತನು ಆ ದಿನಗಳಲ್ಲಿ ಅನುಭವಿಸಿದ ತಳಮಳ ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗಿಲ್ಲ.

ಭತ್ತವು ಬಹು ಸೂಕ್ಷ್ಮವಾದ ಬೆಳೆ. ಹೂಬಿಡುವ ಹೊತ್ತಿನಲ್ಲಿ ತಾಪವು 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕಾಳು ಕಟ್ಟದೆ ತೆನೆ ಜೊಳ್ಳಾಗುತ್ತದೆ. ಕೊಯ್ಲಿನ ವೇಳೆಗೆ ಅಕಾಲಿಕ ಮಳೆ ಬಿದ್ದರೆ, ನೆಲಕ್ಕೊರಗಿದ ತೆನೆಯಲ್ಲಿಯೇ ಕಾಳು ಮೊಳೆಯುತ್ತದೆ. ಅಷ್ಟರಲ್ಲಿ ಬೀಜ, ಗೊಬ್ಬರ, ಕೂಲಿಗಳ ವೆಚ್ಚವೆಲ್ಲ ಸಾಲವಾಗಿ ತಲೆಯ ಮೇಲಿರುತ್ತದೆ. ಗದ್ದೆಯನ್ನು ಗುತ್ತಿಗೆಗೆ ಹಿಡಿದವನಿಗಂತೂ ಪಹಣಿಯಲ್ಲಿ ಹೆಸರಿಲ್ಲದ ಕಾರಣ ಪರಿಹಾರದ ಹಣವೂ ಸುಲಭವಾಗಿ ತಲುಪದು.

ಇಂಥ ಮನೆಯಲ್ಲಿ ಮೊದಲು ಬರುವುದು ಕಣ್ಣೀರಲ್ಲ, ಮೌನ. ಯಜಮಾನನಿಗೆ ರಾತ್ರಿ ನಿದ್ರೆ ಬಾರದು, ತುತ್ತು ಇಳಿಯದು. ಗದ್ದೆಯ ಕಡೆ ಹೋಗಲು ಮನಸ್ಸಿಲ್ಲ. ಸಂತೆ, ಜಾತ್ರೆ, ಬೀಗರ ಮನೆ ಯಾವುದೂ ಬೇಡ. ಸಣ್ಣ ಮಾತಿಗೂ ಸಿಡುಕು. ತಾನು ಮನೆಗೆ ಭಾರವಾದೆನೆಂಬ ಮಾತು ಬಾಯಲ್ಲಿ ಬರತೊಡಗಿದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು.

ಕಾಯಕವನ್ನು ಪೂಜೆಯೆಂದು ನಂಬಿದ ನಮ್ಮ ಸಮಾಜದಲ್ಲಿ ಈ ನೋವಿಗೆ ಇನ್ನೊಂದು ಮುಖವಿದೆ. ಬೆಳೆ ಕೈಕೊಟ್ಟಾಗ ಕಾಯಕವೇ ಸೋತಿತೆಂದು ರೈತನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಇದು ತಪ್ಪು ತಿಳಿವಳಿಕೆ. ಉಳುವುದು, ಬಿತ್ತುವುದು, ಕಾಯುವುದು ಅವನ ಕಾಯಕ. ಮೋಡವನ್ನು ಕರೆಯುವುದು ಯಾರ ಕಾಯಕವೂ ಅಲ್ಲ. ಇದೇ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದರು. ಒಂದು ದಿನ ಅವರು ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರೆಂಬ ಕಥೆಯನ್ನು ನಾವೆಲ್ಲ ಬಲ್ಲೆವು. ಅಕ್ಕಿಯ ಅಳತೆಯಿಂದ ಕಾಯಕದ ಬೆಲೆ ಕಟ್ಟಲಾಗದೆಂಬುದಷ್ಟೇ ಅಲ್ಲ, ಗಂಡನ ನಡೆಯಲ್ಲಿನ ವ್ಯತ್ಯಾಸವನ್ನು ಮೊದಲು ಗುರುತಿಸಿ ಮಾತನಾಡಿದವರು ಮನೆಯವರೇ ಎಂಬುದೂ ಆ ಕಥೆಯಲ್ಲಿದೆ.

ಆದುದರಿಂದ ತಾಯಂದಿರೂ ಮಕ್ಕಳೂ ಮೌನವನ್ನು ಕಂಡಾಗ ಕೇಳಬೇಕು. ಬುದ್ಧಿ ಹೇಳುವ ಮೊದಲು ಕಿವಿಗೊಡಬೇಕು. ಸಾಲದ ಲೆಕ್ಕವನ್ನು ಒಬ್ಬನ ಎದೆಯಲ್ಲಿ ಬಿಡದೆ ಮನೆಮಂದಿಯೆಲ್ಲ ಕುಳಿತು ನೋಡಬೇಕು. ಕ್ರಿಮಿನಾಶಕಗಳನ್ನು ಮನೆಯಲ್ಲಿ ಕೈಗೆಟುಕುವಂತೆ ಇಡದೆ ಬೀಗ ಹಾಕಿಡುವುದು ಜಾಣತನ.

ಮನೋವ್ಯಥೆ ಪಾಪವಲ್ಲ, ಗ್ರಹಚಾರವೂ ಅಲ್ಲ, ಚಿಕಿತ್ಸೆಯಿರುವ ನೋವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಹಳ್ಳಿಗಾಡಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಊರ ಸಮೀಪಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು. ಇಂದು ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮಠದ ಗೋಡೆಯ ಮೇಲೆ, ಸಹಕಾರ ಸಂಘದ ಬಾಗಿಲಲ್ಲಿ ಬರೆಸುವುದು ನಮ್ಮ ಸಂಘಗಳಿಗೆ ಕಷ್ಟದ ಕೆಲಸವೇನಲ್ಲ.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ಬೆಳೆ ಹೋದ ಮನೆಯ ಜಗಲಿಯ ಮೇಲೆ ಅರ್ಧ ಗಳಿಗೆ ಕುಳಿತು ಬರುವುದೂ ದಾಸೋಹವೇ. ಈ ಸುಗ್ಗಿಯಲ್ಲಿ ಅಂಥ ಒಂದು ಮನೆಗಾದರೂ ನಾವು ಹೋಗಿ ಬರೋಣ.